ಬರ್ಲಿನ್‌ಗೆ ಹತ್ತು ದಿನದ ಪತ್ರಿಕೋದ್ಯಮ ಪ್ರವಾಸ: ಹೋಗಿಬಂದವರು ಹೇಳಿ, ಹೋಗುವವರು ಕೇಳಿ

ಹನುಮಂತನಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಪತ್ರಿಕೋದ್ಯಮ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಹೋದ ಸೆಮಿಸ್ಟರ್‌ನಲ್ಲಿ ನಾವು ಹದಿನಾಲ್ಕು ಜನ, ಇಬ್ಬರು ಮೇಷ್ಟ್ರ ಜೊತೆ ಹತ್ತು ದಿನ ಬರ್ಲಿನ್‌ಗೆ ಹೋಗಿಬಂದೆವು. ಬಂದಾಗಿನಿಂದ ಜೂನಿಯರ್‌ಗಳು ಕೇಳುತ್ತಲೇ ಇದ್ದಾರೆ. ಅಕ್ಕ, ಅಷ್ಟು ದುಡ್ಡು ಹಾಕಿ ಹೋಗಬಹುದಾ ಅಂತ. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಮೊದಲು ದುಡ್ಡು. ನನಗೆ ಒಟ್ಟು 1,80,000 ರೂಪಾಯಿ ಆಯಿತು. ಅಮ್ಮ ಚೀಟಿ ಎತ್ತಿ ಕೊಟ್ಟರು. ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) 90 ಯೂರೋ ಫೀ, ಅದರ ಮೇಲೆ ಸೇವಾ ಕೇಂದ್ರದ ಚಾರ್ಜು. ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ವಿಮೆ ಕಡ್ಡಾಯ. ಉಳಿದದ್ದೆಲ್ಲ ವಿಮಾನ, ಹಾಸ್ಟೆಲ್, ಬಸ್ಸು. ಊಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಚಟ್ನಿಪುಡಿ, ಅವಲಕ್ಕಿ ಇದ್ದರೆ ಸಾಕು.

ಈಗ ನಿಜವಾದ ವಿಷಯ.

ಎರಡನೇ ದಿನ ಅಲೆಕ್ಸಾಂಡರ್‌ಪ್ಲಾಟ್ಸ್ ಚೌಕದಲ್ಲಿ ನಮಗೊಂದು ಕೆಲಸ ಕೊಟ್ಟರು. ಬಾಡಿಗೆ ಮನೆಯ ಕಷ್ಟದ ಬಗ್ಗೆ ಹತ್ತು ಜನರ ಬೈಟ್, ಅಂದರೆ ಕ್ಯಾಮೆರಾ ಮುಂದೆ ಒಂದೆರಡು ಮಾತು, ತರಬೇಕು. ಬರ್ಲಿನ್‌ನಲ್ಲಿ ಇದು ದೊಡ್ಡ ವಿಷಯ. ದೊಡ್ಡ ಕಂಪನಿಗಳ ಬಾಡಿಗೆ ಮನೆಗಳನ್ನು ಸರ್ಕಾರವೇ ವಹಿಸಿಕೊಳ್ಳಲಿ ಎಂದು 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೇಳಿದ್ದರು. ನಾನು ಖುಷಿಯಾಗಿ ಹೊರಟೆ. ಗಾಂಧಿ ಬಜಾರಿನಲ್ಲಿ ಮೈಕ್ ಹೊರಗೆ ತೆಗೆದರೆ ನಾಲ್ಕು ಜನ ತಾವಾಗೇ ಬಂದು ನಿಲ್ಲುತ್ತಾರೆ. ಹತ್ತು ಬೈಟ್ ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ.

ಒಂದೂವರೆ ಗಂಟೆಯಲ್ಲಿ ಒಂದೂ ಸಿಗಲಿಲ್ಲ. ಮೊಬೈಲ್ ಎತ್ತಿದ ಕೂಡಲೇ ಒಬ್ಬ ಹೆಂಗಸು ಕೈ ಅಡ್ಡ ಹಿಡಿದರು. ಹುಡುಗರ ಗುಂಪೊಂದು ತಿರುಗಿ ನಡೆಯಿತು. ಸುಮ್ನೆ ಚೌಕದ ವಿಶುವಲ್ ಇರಲಿ ಎಂದು ನಾನು ಟ್ರ್ಯಾಮ್ ನಿಲ್ದಾಣದ ಕಡೆ ತೆಗೆಯುತ್ತಿದ್ದೆ. ಬೆಂಚಿನ ಮೇಲಿದ್ದ ಒಬ್ಬ ಅಜ್ಜ ಎದ್ದು ನೇರ ನನ್ನ ಹತ್ತಿರ ಬಂದರು. ಮುಖ ಕೆಂಪಗಾಗಿತ್ತು. ನಮ್ಮ ಜೊತೆಗಿದ್ದ ಅಲ್ಲಿನ ವಿದ್ಯಾರ್ಥಿನಿ ಅನುವಾದಿಸಿದಳು. 'ಅಳಿಸಿ. ನಾನು ನೋಡುತ್ತಿರುವ ಹಾಗೆ ಅಳಿಸಿ.'

ಕೈ ನಡುಗುತ್ತಿತ್ತು. ಅಳಿಸಿದೆ. ಡಿಲೀಟ್ ಆದ ಫೋಲ್ಡರ್‌ನಿಂದಲೂ ಅಳಿಸಿಸಿದರು. ಆಮೇಲೆ ಏನಾಯಿತು ಗೊತ್ತಾ? ಅದೇ ಅಜ್ಜ ಪಕ್ಕದಲ್ಲಿ ಕೂರಿಸಿಕೊಂಡು ಇಪ್ಪತ್ತೈದು ನಿಮಿಷ ಮಾತಾಡಿದರು. ನಲವತ್ತು ವರ್ಷದಿಂದ ಇರುವ ಮನೆ, ಮಾಲೀಕರು ಬದಲಾದದ್ದು, ಮೆಟ್ಟಿಲ ರಿಪೇರಿ ಹೆಸರಲ್ಲಿ ಬಾಡಿಗೆ ಏರಿದ್ದು. ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಆ ಪ್ರವಾಸದಲ್ಲಿ ನಾನು ಮಾಡಿದ ಒಳ್ಳೆಯ ವರದಿ ಅದೊಂದೇ. ಅದರಲ್ಲಿ ಒಂದೂ ಫೋಟೋ ಇಲ್ಲ.

ಅವತ್ತು ಸಂಜೆ ಕಾರಣ ಗೊತ್ತಾಯಿತು. 1898ರ ಜುಲೈ ಕೊನೆಯಲ್ಲಿ ಜರ್ಮನಿಯ ಮೊದಲ ಚಾನ್ಸಲರ್ (ನಮ್ಮ ಪ್ರಧಾನಿಯಂಥ ಹುದ್ದೆ) ಬಿಸ್ಮಾರ್ಕ್ ಸತ್ತ ರಾತ್ರಿ ಇಬ್ಬರು ಫೋಟೋಗ್ರಾಫರ್‌ಗಳು ಅವನ ಮನೆಗೆ ನುಗ್ಗಿ ಹಾಸಿಗೆಯ ಮೇಲಿನ ಹೆಣದ ಫೋಟೋ ತೆಗೆದಿದ್ದರು. ಮಾರುವುದಕ್ಕೂ ಹೊರಟಿದ್ದರು. ಕೋರ್ಟು ತಡೆಯಿತು. ಆದರೆ ಅಂಥದ್ದಕ್ಕೆ ಸರಿಯಾದ ಕಾನೂನೇ ಇರಲಿಲ್ಲ. ಆ ಗಲಾಟೆಯಿಂದ 1907ರಲ್ಲಿ ಒಂದು ಕಾನೂನು ಬಂತು. ಒಬ್ಬರ ಚಿತ್ರವನ್ನು ಅವರ ಒಪ್ಪಿಗೆ ಇಲ್ಲದೆ ಹಂಚುವಂತಿಲ್ಲ, ಪ್ರಕಟಿಸುವಂತಿಲ್ಲ. ಸತ್ತ ಮೇಲೂ ಹತ್ತು ವರ್ಷ ಮನೆಯವರ ಒಪ್ಪಿಗೆ ಬೇಕು. ಆ ಸಾಲು ಇವತ್ತಿಗೂ ಜಾರಿಯಲ್ಲಿದೆ.

ಸತ್ತ ಮೇಲೂ ಹತ್ತು ವರ್ಷ ಅನ್ನುವುದು ಕೇಳಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಯಾಕೆ ಅಂದರೆ, ಅದಕ್ಕೆ ಮೂರು ತಿಂಗಳು ಮೊದಲು ನಾನು ಇಲ್ಲಿ ಒಂದು ಚಾನೆಲ್‌ನಲ್ಲಿ ಇಂಟರ್ನ್ ಆಗಿದ್ದೆ. ಒಂದು ಆಸ್ಪತ್ರೆಯ ಶವಾಗಾರದ ಮುಂದೆ, ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಚಾನೆಲ್ ಲೋಗೋ ಇರುವ ಮೈಕ್ ಹಿಡಿದು ನಿಂತಿದ್ದೆ. 'ಅಮ್ಮಾ, ಏನಾಯಿತು ಹೇಳಿ' ಅಂತ ಕೇಳಿದ್ದು ನಾನೇ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಅದನ್ನು ದುಃಖ ಅಂದುಕೊಂಡೆ. ಅದು 'ಬೇಡ' ಅನ್ನುವ ಉತ್ತರವೂ ಆಗಿತ್ತು ಎಂದು ಈಗ ಅನ್ನಿಸುತ್ತಿದೆ.

ಇಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ನನಗೆ ಬೇಕಿತ್ತು. ನಿಮ್ಮ ಅನುಭವ ಹೇಳಿ. ಬೇರೆ ದೇಶಕ್ಕೆ ಹೋದವರೂ ಬರೆಯಿರಿ.

ವಿಜಯನಗರದ ಅಪ್ಪ

ಓದಿ ಸಂತೋಷವಾಯಿತಮ್ಮಾ. ನನ್ನ ಮಗಳು ಇಂಥದ್ದೇ ಪ್ರವಾಸಕ್ಕೆ ಹೆಸರು ಕೊಟ್ಟಿದ್ದಾಳೆ. ನಾನು ಬಿಎಂಟಿಸಿಯಲ್ಲಿ ಕಂಡಕ್ಟರ್. ಎರಡು ಲಕ್ಷ ಹೊಂದಿಸಬಹುದು, ಆದರೆ ಅದು ಅವಳ ತಮ್ಮನ ಪಿಯುಸಿ ಕೋಚಿಂಗ್ ದುಡ್ಡು. ಮಗಳು 'ಅಪ್ಪ, ಬೇಡ ಬಿಡಿ' ಅನ್ನುತ್ತಾಳೆ. ಹಾಗೆ ಅನ್ನುವಾಗ ನನ್ನ ಮುಖ ನೋಡುವುದಿಲ್ಲ. ಹೋಗದಿದ್ದರೆ ಕೆಲಸ ಸಿಗುವುದು ಕಷ್ಟ ಆಗುತ್ತದಾ? ನೇರವಾಗಿ ಹೇಳಿ.

ಹನುಮಂತನಗರದ ಹುಡುಗಿ

ಸರ್, ನೇರವಾಗಿ ಹೇಳುತ್ತೇನೆ. ಇಲ್ಲ. ಕೆಲಸ ಕೊಡುವವರು ನಾನು ಬರ್ಲಿನ್‌ಗೆ ಹೋಗಿದ್ದೆನಾ ಎಂದು ಕೇಳಲಿಲ್ಲ. ಸುದ್ದಿ ಬರೆಯಲು ಕೊಟ್ಟರು, ಅನುವಾದ ಮಾಡಿಸಿದರು. ಕೋಚಿಂಗ್ ದುಡ್ಡು ಮುಟ್ಟಬೇಡಿ. ನಮ್ಮ ತಂಡದಲ್ಲಿ ಇಬ್ಬರಿಗೆ ಕಾಲೇಜೇ ಅರ್ಧಕ್ಕಿಂತ ಜಾಸ್ತಿ ಭರಿಸಿತು, ಕೇಳಿದ್ದಕ್ಕೆ. ಮಗಳಿಗೆ ವಿಭಾಗದ ಮುಖ್ಯಸ್ಥರ ಹತ್ತಿರ ಬರವಣಿಗೆಯಲ್ಲಿ ಕೇಳಲು ಹೇಳಿ. ಬಾಯಿಮಾತಿನಲ್ಲಿ ಕೇಳಿದರೆ ಮರೆತುಹೋಗುತ್ತದೆ.

ಮಾನ್ವಿ ಕಡೆಯವನು

ಆ ಇಬ್ಬರಲ್ಲಿ ಒಬ್ಬ ನಾನೇ. ಅಪ್ಪ ಹತ್ತಿ ಹೊಲದ ಕೂಲಿ. ಪಿಯುಸಿವರೆಗೂ ಕನ್ನಡ ಮಾಧ್ಯಮ. ನಮ್ಮ ತಾಲ್ಲೂಕು ದಾಟಿ ಮೊದಲು ಬಂದದ್ದೇ ಬೆಂಗಳೂರಿಗೆ. ಬೆಂಗಳೂರಿಗೆ ಬಂದಾಗ ಆದ ಹೆದರಿಕೆ ಬರ್ಲಿನ್‌ನಲ್ಲಿ ಆಗಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕು ಅಂದರೆ ನಾಲಿಗೆ ಒಣಗುತ್ತಿತ್ತು. ಅಲ್ಲಿ ನಮಗೆ ಪಾಠ ಹೇಳಿದವರೂ ಪದ ಹುಡುಕುತ್ತಾ ನಿಲ್ಲುತ್ತಿದ್ದರು. ಅವರಿಗೂ ಅದು ಕಲಿತ ಭಾಷೆ. ಒಬ್ಬ ಹಿರಿಯ ಸಂಪಾದಕಿ ಮಾತಿನ ಮಧ್ಯೆ ಪದ ಸಿಗದೆ ಜರ್ಮನ್‌ನಲ್ಲೇ ಹೇಳಿ, ಪಕ್ಕದವರನ್ನು ಕೇಳಿಕೊಂಡು ಮುಂದೆ ಹೋದರು. ಯಾರೂ ನಗಲಿಲ್ಲ. ಅವರಿಗೆ ನಾಚಿಕೆಯೂ ಆಗಲಿಲ್ಲ. ಅವತ್ತು ಮಧ್ಯಾಹ್ನ ನಾನು ಮೊದಲ ಸಲ ಕೈ ಎತ್ತಿದೆ.

ನನಗೆ ಮರೆಯಲಾಗದ ಜಾಗ ಬುಂಡೆಸ್‌ಪ್ರೆಸ್ಸೆಕಾನ್ಫರೆನ್ಸ್. ಹೆಸರು ದೊಡ್ಡದು, ವಿಷಯ ಸರಳ. 1949ರಲ್ಲಿ ಪತ್ರಕರ್ತರೇ ಕಟ್ಟಿಕೊಂಡ ಸಂಘ ಅದು. ಸೋಮವಾರ, ಬುಧವಾರ, ಶುಕ್ರವಾರ ಸರ್ಕಾರದ ವಕ್ತಾರರು ಅಲ್ಲಿಗೆ ಬಂದು ಕೂರುತ್ತಾರೆ. ನಮ್ಮಲ್ಲಿ ಪ್ರೆಸ್ ಮೀಟ್ ಕರೆಯುವವರು ಮಂತ್ರಿಗಳು. ಮೈಕ್ ಅವರದ್ದು, ಕಾಫಿ ಅವರದ್ದು, 'ಸಾಕು ಸಾಕು' ಅಂತ ಎದ್ದು ಹೋಗುವವರೂ ಅವರೇ. ಅಲ್ಲಿ ಮನೆ ಪತ್ರಕರ್ತರದ್ದು, ಸರ್ಕಾರ ಅತಿಥಿ. ಮಧ್ಯದ ಕುರ್ಚಿಯಲ್ಲಿ ಕೂತು ಯಾರು ಪ್ರಶ್ನೆ ಕೇಳಬೇಕು ಎಂದು ಹೇಳುವವರು ಒಬ್ಬ ಪತ್ರಕರ್ತರು. ಚಾನ್ಸಲರ್ ಬಂದರೂ ಅದೇ ನಿಯಮ.

ಇನ್ನೊಂದು. 1989ರ ನವೆಂಬರ್ 9ರ ಸಂಜೆ ಪೂರ್ವ ಜರ್ಮನಿಯ ಆಡಳಿತ ಪಕ್ಷದ ವಕ್ತಾರ ಶಾಬೊವ್ಸ್ಕಿ ಸುದ್ದಿಗೋಷ್ಠಿಯಲ್ಲಿ ಹೊಸ ಪ್ರಯಾಣ ನಿಯಮ ಓದುತ್ತಾರೆ. ಯಾರೋ ಕೇಳುತ್ತಾರೆ, ಯಾವಾಗಿನಿಂದ ಜಾರಿ? ಅವರು ಕಾಗದ ತಿರುವಿ ಹಾಕಿ, ನನಗೆ ತಿಳಿದ ಹಾಗೆ ಈಗಿನಿಂದಲೇ, ಅನ್ನುತ್ತಾರೆ. ಅದು ಟಿವಿಯಲ್ಲಿ ಹೋಯಿತು. ರಾತ್ರಿಯೊಳಗೆ ಜನ ಊರನ್ನು ಎರಡು ಮಾಡಿದ್ದ ಬರ್ಲಿನ್ ಗೋಡೆಯ ಹತ್ತಿರ ಸೇರಿದರು, ಗೇಟು ತೆರೆಯಿತು. ಅಲ್ಲಿ ಕೇಳಿದ್ದು 'ಯಾವಾಗಿನಿಂದ' ಅನ್ನುವ ಒಂದು ಮಾತು. ನಮ್ಮೂರ ಅಧಿಕಾರಿಗಳು 'ಶೀಘ್ರದಲ್ಲೇ ಕುಡಿಯುವ ನೀರು' ಅಂದಾಗೆಲ್ಲ ನಾನು ಈಗ ಅದನ್ನೇ ಕೇಳುತ್ತೇನೆ. ಕೇಳಿದಾಗ ಅವರೂ ಕಾಗದ ತಿರುವುತ್ತಾರೆ.

ಕ್ಯಾಮೆರಾ ಹಿಂದೆ

ತಂಗೀ, ನಾನು ಹದಿನೇಳು ವರ್ಷದಿಂದ ನ್ಯೂಸ್ ಕ್ಯಾಮೆರಾಮನ್. ನೀವು ಬರೆದದ್ದಕ್ಕೆ ತಲೆ ಆಡಿಸುವುದು ಸುಲಭ. ಫೀಲ್ಡ್‌ನಲ್ಲಿ ನಿಂತವನ ಮಾತನ್ನೂ ಒಂದಿಷ್ಟು ಕೇಳಿ.

ಸ್ಪಾಟ್‌ನಲ್ಲಿ ಆರು ಕ್ಯಾಮೆರಾ ಇರುತ್ತವೆ. ನಾನೊಬ್ಬ ಇಳಿಸಿದರೆ ಐದು ನಿಮಿಷಕ್ಕೆ ಆಫೀಸಿನ ಸುದ್ದಿ ಡೆಸ್ಕ್‌ನಿಂದ ಫೋನ್. 'ಅವರ ಹತ್ತಿರ ವಿಶುವಲ್ ಇದೆ, ನಮ್ಮ ಹತ್ತಿರ ಯಾಕಿಲ್ಲ?' ಮನೆಯಲ್ಲಿ ಇಬ್ಬರು ಮಕ್ಕಳು, ಇಎಂಐ. ಒಪ್ಪಿಗೆ ಕೇಳುವುದು ಒಳ್ಳೆಯದೇ. ಕೇಳುವುದಕ್ಕೆ ಬೇಕಾದ ಎರಡು ನಿಮಿಷ ಯಾರು ಕೊಡುತ್ತಾರೆ?

ಆದರೆ ಒಂದು ವಿಷಯ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಹೈವೇ ಅಪಘಾತ. ರಸ್ತೆ ಪಕ್ಕ ಮಗಳ ಚಪ್ಪಲಿ ಹಿಡಿದು ಕೂತಿದ್ದ ಒಬ್ಬ ಅಪ್ಪನನ್ನು ಕ್ಲೋಸ್‌ನಲ್ಲಿ ತೆಗೆದೆ. ಒಳ್ಳೆಯ ಶಾಟ್ ಅಂತ ಆಫೀಸಿನಲ್ಲಿ ಹೇಳಿದರು. ಎರಡು ತಿಂಗಳಾದ ಮೇಲೆ ಅದೇ ಮನುಷ್ಯ ರಿಸೆಪ್ಷನ್‌ನಲ್ಲಿ ನಿಂತಿದ್ದರು. ಯೂಟ್ಯೂಬ್‌ನಲ್ಲಿ ಆ ಕ್ಲಿಪ್ ಇನ್ನೂ ಇತ್ತು. ಅವರ ಚಿಕ್ಕ ಮಗ ದಿನಾ ಅದನ್ನೇ ಹಾಕಿಕೊಂಡು ಕೂರುತ್ತಾನಂತೆ. 'ತೆಗೆಸಿ ಸ್ವಾಮಿ' ಅಂದರು. ಕೈಯಲ್ಲಿ ಒಂದು ಅರ್ಜಿ ಬರೆದುಕೊಂಡು ಬಂದಿದ್ದರು. ತೆಗೆಸುವುದಕ್ಕೆ ಮೂರು ವಾರ ಹಿಡಿಯಿತು. ನಾನೇ ತೆಗೆದದ್ದು ಅಂತ ಅವರಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ.

ಅಲ್ಲಿಂದ ಈಚೆಗೆ ನಾನು ಅಂಥ ಕಡೆ ಬೆನ್ನಿನ ಕಡೆಯಿಂದ, ಮುಖ ಕಾಣದ ಹಾಗೆ ವೈಡ್ ಶಾಟ್ ತೆಗೆಯುತ್ತೇನೆ. ಇಲ್ಲ, ಕೈಗಳನ್ನಷ್ಟೇ ಶೂಟ್ ಮಾಡುತ್ತೇನೆ. ಡೆಸ್ಕ್ ಬೈದರೆ ಬೈಸಿಕೊಳ್ಳುತ್ತೇನೆ.

ಒಂದು ಪ್ರಶ್ನೆ. ಜರ್ಮನಿಯಲ್ಲಿ ಮೆರವಣಿಗೆ ಹೇಗೆ ಕವರ್ ಮಾಡುತ್ತಾರೆ? ಫ್ರೀಡಂ ಪಾರ್ಕ್‌ನಲ್ಲಿ ಎರಡು ಸಾವಿರ ಜನ ಕೂತರೆ ಎಲ್ಲರನ್ನೂ ಕೇಳುತ್ತಾ ಹೋಗುವುದಾ?

ಹನುಮಂತನಗರದ ಹುಡುಗಿ

ಅಣ್ಣ, ಇದನ್ನು ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ನಿಮ್ಮ ಪ್ರಶ್ನೆಯನ್ನೇ ನಾನೂ ಅಲ್ಲಿ ಕೇಳಿದ್ದೆ. ಸಭೆ, ಮೆರವಣಿಗೆಗೆ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. ಸಾರ್ವಜನಿಕ ಜೀವನದ ಘಟನೆಗಳಿಗೂ ಇದೆ. ಕಟ್ಟಡದ ಫೋಟೋದಲ್ಲಿ ಯಾರೋ ನಡೆದುಹೋಗುತ್ತಿದ್ದರೆ ಪರವಾಗಿಲ್ಲ. ಆದರೆ ಗುಂಪಿನಲ್ಲಿ ಅಳುತ್ತಿರುವ ಒಬ್ಬರನ್ನೇ ಹಿಡಿದು ಜೂಮ್ ಮಾಡಿದರೆ ಆ ವಿನಾಯಿತಿ ಸಿಗುವುದು ಕಷ್ಟ ಎಂದು ವಿವರಿಸಿದರು.

ಜನ ಅಷ್ಟೊಂದು ಯಾಕೆ ಹುಷಾರು ಅನ್ನುವುದು ನನಗೆ ಪೂರ್ತಿ ಅರ್ಥವಾದದ್ದು ಐದನೇ ದಿನ, ಸ್ಟಾಸಿ ಮ್ಯೂಸಿಯಂನಲ್ಲಿ. ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಮುಖ್ಯ ಕಚೇರಿ ಅದು. ಕೊನೆಗಾಲದಲ್ಲಿ ಸುಮಾರು 90,000 ಜನ ಪೂರ್ಣಾವಧಿ ಕೆಲಸ ಮಾಡುತ್ತಿದ್ದರು. ಅವರು ಬಿಟ್ಟುಹೋದ ಕಡತಗಳನ್ನು ಒಂದರ ಪಕ್ಕ ಒಂದು ಇಟ್ಟರೆ 111 ಕಿಲೋಮೀಟರ್. ಬೆಂಗಳೂರಿನಿಂದ ಮಂಡ್ಯ ದಾಟುತ್ತದೆ. ನೆರೆಯವರು, ಸಹೋದ್ಯೋಗಿಗಳು, ಕೆಲವು ಕಡೆ ಗಂಡನೇ ಹೆಂಡತಿಯ ಬಗ್ಗೆ ವರದಿ ಕೊಟ್ಟಿದ್ದಾರೆ. ಆ ಅಜ್ಜನ ವಯಸ್ಸು ಲೆಕ್ಕ ಹಾಕಿದೆ. ಅವರು ಅದರೊಳಗೇ ಬೆಳೆದವರು. ನನ್ನ ಕೈಯಲ್ಲಿದ್ದ ಫೋನು ಅವರಿಗೆ ಏನಾಗಿ ಕಂಡಿತೋ.

ರಾತ್ರಿಪಾಳಿ ಡೆಸ್ಕ್

ಪೇಪರ್ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಆಯಿತು. ಈಗ ಎಡಿಷನ್ ಪ್ರಿಂಟಿಗೆ ಬಿಟ್ಟು ಬಂದು ಓದುತ್ತಿದ್ದೇನೆ.

ಕಾನೂನು ಅಲ್ಲಿ ಮಾತ್ರ ಇರುವುದು ಅಂತ ಮಕ್ಕಳು ಅಂದುಕೊಳ್ಳಬಾರದು. ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ನೋಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಫೋಟೋ, ಶಾಲೆ, ಬೀದಿ, ಗುರುತು ಸಿಗುವ ಯಾವುದನ್ನೂ ಹಾಕುವಂತಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಹೆಸರು ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ. ಹೆಸರು ಬಿಟ್ಟು ತಂದೆಯ ಹೆಸರು, ಊರು, ಮನೆಯ ಫೋಟೋ ಹಾಕುವವರನ್ನು ನಾನು ದಿನಾ ನೋಡುತ್ತೇನೆ. ಅಷ್ಟು ಸಾಕಲ್ವಾ ಇಡೀ ಊರಿಗೆ ಗೊತ್ತಾಗಲು?

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೆಂಗಳೂರಿನಲ್ಲಿದ್ದವರು. ಎಂಬತ್ತು ದಾಟಿದ ಮೇಲೆ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದರು. ಬಿಸ್ಮಾರ್ಕ್ ಕತೆ ಹೇಳುವಾಗ ಈ ಕತೆಯನ್ನೂ ಸೇರಿಸಿ ಹೇಳಿ.

ಜರ್ಮನ್ ಪತ್ರಿಕೆಗಳಲ್ಲಿ ನನಗೆ ಇಷ್ಟವಾದ ಒಂದು ರೂಢಿ ಇದೆ. ಅಪರಾಧದ ಸುದ್ದಿಯಲ್ಲಿ ಆರೋಪಿಯ ಪೂರ್ತಿ ಹೆಸರು ಸಾಮಾನ್ಯವಾಗಿ ಹಾಕುವುದಿಲ್ಲ. ಮೊದಲ ಹೆಸರು, ಆಮೇಲೆ ಒಂದಕ್ಷರ. ಅಲ್ಲಿನ ಪತ್ರಿಕಾ ಸಂಹಿತೆಯ 8ನೇ ಅಂಶ ಖಾಸಗಿತನದ್ದು. ನಮ್ಮಲ್ಲಿ ಎಫ್‌ಐಆರ್ ಆದ ದಿನವೇ ಹೆಸರು, ಊರು, ಮನೆದೇವರವರೆಗೂ ಬರುತ್ತದೆ. ನಾಲ್ಕು ವರ್ಷದ ಮೇಲೆ ಖುಲಾಸೆ ಆದರೆ ಒಳಪುಟದಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲಿಗೆ ಜಾಗ ಬಿಡಿಸಲು ನಾನು ಎಷ್ಟು ರಾತ್ರಿ ಜಗಳ ಆಡಿದ್ದೇನೋ.

ಇನ್ನೊಂದು ಕೇಳಬೇಕು. ಕನ್ನಡದ ಮೊದಲ ಪತ್ರಿಕೆ ತಂದವರು ಜರ್ಮನಿ ಕಡೆಯವರು ಅಂತ ಅಲ್ಲಿ ಯಾರಿಗಾದರೂ ಹೇಳಿದಿರಾ? ಹರ್ಮನ್ ಮೋಗ್ಲಿಂಗ್, ಬಾಸೆಲ್ ಮಿಷನ್‌ನವರು. ಮಂಗಳೂರ ಸಮಾಚಾರ, 1843ರ ಜುಲೈ 1. ಹದಿನೈದು ದಿನಕ್ಕೊಮ್ಮೆ, ಕಲ್ಲಚ್ಚಿನಲ್ಲಿ. ಆ ದಿನವನ್ನೇ ನಾವು ಪತ್ರಿಕಾ ದಿನ ಅಂತ ಆಚರಿಸುತ್ತೇವೆ.

ಹನುಮಂತನಗರದ ಹುಡುಗಿ

ಹೇಳಿದೆ ಮೇಡಂ! ಅಲ್ಲಿನ ವಿದ್ಯಾರ್ಥಿಗಳಿಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿ ಮಂಗಳೂರ ಸಮಾಚಾರದ ಮುಖಪುಟ ತೋರಿಸಿದೆ. ಒಬ್ಬಳು ಅಕ್ಷರಗಳ ಮೇಲೆ ಬೆರಳಿಟ್ಟು, ಇದನ್ನು ಓದಿ ಹೇಳು ಅಂದಳು. ಬರ್ಲಿನ್‌ನ ಒಂದು ಕ್ಯಾಂಟೀನಿನಲ್ಲಿ ಹಳೆಗಾಲದ ಕನ್ನಡವನ್ನು ಗಟ್ಟಿಯಾಗಿ ಓದಿದೆ. ಅದೊಂದು ಖುಷಿ ಬೇರೆ.

ಇನ್ನೊಂದು ಕಾಲೇಜು

ನಮ್ಮದು ಬೇರೆ ಕತೆ. ಏಳು ದಿನ, ನಾಲ್ಕು ದೇಶ. ಬ್ರೋಷರ್‌ನಲ್ಲಿ 'ಎರಡು ದಿನದ ನ್ಯೂಸ್‌ರೂಮ್ ಕಾರ್ಯಾಗಾರ' ಅಂತ ಇತ್ತು. ನಮಗೆ ಸಿಕ್ಕಿದ್ದು ನಲವತ್ತು ನಿಮಿಷ, ಗಾಜಿನ ಆಚೆ ನಿಂತು ಸ್ಟುಡಿಯೋ ನೋಡಿದ್ದು. ಉಳಿದಂತೆ ಬಸ್ಸು, ಸೆಲ್ಫಿ, ಚಾಕೊಲೇಟ್ ಅಂಗಡಿ. ಒಬ್ಬ ಪತ್ರಕರ್ತರ ಹತ್ತಿರವೂ ಕೂತು ಮಾತಾಡಲಿಲ್ಲ. ನನ್ನ ತಂದೆ ಸಾಲ ಮಾಡಿದ್ದರು. ವಾಪಸ್ ಬಂದು ಏನು ಕಲಿತೆ ಅಂತ ಕೇಳಿದಾಗ ಸುಳ್ಳು ಹೇಳಿದೆ. ಅದು ಈಗಲೂ ಚುಚ್ಚುತ್ತದೆ.

ಹೆಸರು ಕೊಡುವವರು ಮೊದಲು ದಿನದಿನದ ಪಟ್ಟಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಎಷ್ಟು ಗಂಟೆ ಬಸ್ಸಿನಲ್ಲಿ, ಎಷ್ಟು ಗಂಟೆ ಕೆಲಸ ಅಂತ ಎಣಿಸಿ. ನೀವು ಅಲ್ಲಿ ವರದಿ ಬರೆಯಬೇಕಾ, ಅದನ್ನು ಯಾರಾದರೂ ತಿದ್ದಿ ಕೊಡುತ್ತಾರಾ ಅಂತ ಕೇಳಿ. 'ಇಲ್ಲ' ಅಂದರೆ ಅದು ಟೂರು. ಟೂರಿಗೆ ಹೋಗುವುದು ತಪ್ಪಲ್ಲ, ಆದರೆ ಅಪ್ಪ ಸಾಲ ಮಾಡಿ ಹೋಗುವಂಥದ್ದಲ್ಲ.

ವಿಜಯನಗರದ ಅಪ್ಪ

ಇದು ತುಂಬ ಉಪಯೋಗದ ಮಾತು ಮಗು. ನಾಳೆಯೇ ಪಟ್ಟಿ ಕೇಳಲು ಹೇಳುತ್ತೇನೆ. ನಿಮ್ಮ ತಂದೆಗೆ ಈಗಲಾದರೂ ನಿಜ ಹೇಳಿ. ಬೈಯುವುದಿಲ್ಲ. ಬೈದರೂ ಅರ್ಧ ಗಂಟೆ.

ಮಂಡ್ಯ ಸ್ಟ್ರಿಂಗರ್

ನಾನು ಒಪ್ಪದ ಒಂದು ಮಾತಿದೆ. ಎಲ್ಲರೂ ಮುಖ ಮುಚ್ಚುವ ಬಗ್ಗೆಯೇ ಹೇಳುತ್ತಿದ್ದೀರಿ.

ನಮ್ಮ ಕಡೆ ನಾಲೆಯ ಕೊನೆ ಭಾಗದ ರೈತರಿಗೆ ನೀರು ಬರುವುದಿಲ್ಲ. ಕಚೇರಿಗೆ ಹತ್ತು ಸಲ ಅರ್ಜಿ ಕೊಟ್ಟಿರುತ್ತಾರೆ. ನಾನು ಕ್ಯಾಮೆರಾ ತೆಗೆದರೆ ಒಣಗಿದ ಭತ್ತದ ಪೈರು ಕಿತ್ತು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. 'ಸ್ವಾಮಿ, ನನ್ನ ಮುಖ ಸರಿಯಾಗಿ ಬರಲಿ, ಹೆಸರೂ ಹಾಕಿ' ಅನ್ನುತ್ತಾರೆ. ಮಾರನೇ ದಿನ ಇಂಜಿನಿಯರ್ ಜೀಪು ಬರುತ್ತದೆ. ಅವರಿಗೆ ಮುಖವೇ ಅರ್ಜಿ. ಹತ್ತು ಅರ್ಜಿ ಮಾಡದ ಕೆಲಸ ಆ ಮುಖ ಮಾಡುತ್ತದೆ. ಬೆನ್ನಿನ ಕಡೆಯಿಂದ ವೈಡ್ ತೆಗೆದರೆ ಆ ರೈತನಿಗೆ ನಾನು ಮೋಸ ಮಾಡಿದ ಹಾಗೆ. ಬರ್ಲಿನ್‌ನ ಅಜ್ಜನಿಗೆ ಸರ್ಕಾರ ತನ್ನನ್ನು ನೋಡುತ್ತಿದೆ ಎಂಬ ಭಯ. ನಮ್ಮ ರೈತನಿಗೆ ಸರ್ಕಾರ ನೋಡುತ್ತಲೇ ಇಲ್ಲ ಎಂಬ ನೋವು.

ಕ್ಯಾಮೆರಾ ಹಿಂದೆ

ಇದೂ ನಿಜ ಅಣ್ಣ. ನಾನು ಇದನ್ನು ಯೋಚಿಸಿರಲಿಲ್ಲ.

ಹನುಮಂತನಗರದ ಹುಡುಗಿ

ಸರ್, ಎರಡು ದಿನ ನಿಮ್ಮ ಮಾತೇ ತಲೆಯಲ್ಲಿತ್ತು. ನೀವು ಹೇಳಿದ ರೈತ ತಾನಾಗೇ 'ನನ್ನನ್ನು ತೋರಿಸಿ' ಅಂದರು. ಶವಾಗಾರದ ಮುಂದಿನ ತಾಯಿ ಹಾಗೆ ಅನ್ನಲಿಲ್ಲ. ಇಬ್ಬರನ್ನೂ ಕೇಳಿದ್ದರೆ ಇಬ್ಬರ ಉತ್ತರವೂ ಸಿಗುತ್ತಿತ್ತು. ನಾನು ಕೇಳಲಿಲ್ಲ, ಅಷ್ಟೇ ನನ್ನ ತಪ್ಪು. ಮುಖ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಹೌದು ಅಂದವರ ಮುಖ ಪೂರ್ತಿ ಬರಲಿ, ಹೆಸರೂ ಬರಲಿ.

ನಿನ್ನೆ ವಿದ್ಯಾರ್ಥಿಗಳೇ ತರುವ ನಮ್ಮ ಕಾಲೇಜಿನ ಪ್ರಯೋಗ ಪತ್ರಿಕೆಗೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗಿದ್ದೆ. ಮಳೆ ಬಂದು ನೆಲವೆಲ್ಲ ಕೆಸರು. ಸೇವಂತಿಗೆ ಮೂಟೆಗಳ ಮಧ್ಯೆ ಒಬ್ಬ ಅಜ್ಜಿ ಕನಕಾಂಬರ ಕಟ್ಟುತ್ತಾ ಕೂತಿದ್ದರು. ಫೋನು ಬ್ಯಾಗಿನಲ್ಲೇ ಇಟ್ಟು ಮೊದಲು ಪಕ್ಕದಲ್ಲಿ ಕೂತೆ. ಫೋಟೋ ತೆಗೆಯಲಾ ಅಂತ ಕೇಳಿದೆ. 'ಬೇಡ ಕಣವ್ವಾ, ಸೊಸೆ ಕಡೆಯೋರು ನೋಡಿದರೆ ಇವಳು ಇನ್ನೂ ಹೂ ಮಾರುತ್ತಾಳೆ ಅಂತಾರೆ' ಅಂದರು. ಆ ಒಂದು ಸಾಲಿನಲ್ಲಿ ನನ್ನ ಇಡೀ ವರದಿ ಇತ್ತು. ಕ್ಯಾಮೆರಾ ಎತ್ತಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

'ಈ ಮಾತು ಬರೆಯಬಹುದಾ ಅಜ್ಜಿ?' ಅಂದೆ. ಸ್ವಲ್ಪ ಹೊತ್ತು ಹೂ ಕಟ್ಟುತ್ತಲೇ ಇದ್ದರು. ಆಮೇಲೆ, ಹೆಸರು ಹಾಕದೆ ಬರೆ, ಬರೆದ ಮೇಲೆ ಬಂದು ಓದಿ ಹೇಳು, ನನಗೆ ಓದಲು ಬರುವುದಿಲ್ಲ ಅಂದರು. ಈ ಬೆಳಿಗ್ಗೆ ಹೋಗಿ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು. ಕನಕಾಂಬರವನ್ನು ನಾನು ಮೊಳದ ಲೆಕ್ಕದಲ್ಲಿ ಬರೆದಿದ್ದೆ, ಸಗಟು ಮಾರುವುದು ಮಾರಿನ ಲೆಕ್ಕ ಅಂತೆ. ಗಂಡ ಸತ್ತ ವರ್ಷವೂ ತಪ್ಪಾಗಿತ್ತು.

ಕ್ಯಾಮೆರಾ ಹಿಂದೆ

ತಂಗೀ, ಮತ್ತೆ ಯಾವತ್ತು ಹೋಗುತ್ತೀರಿ? ಆಫ್ ಇರುವ ದಿನ ನಾನೂ ಬರುತ್ತೇನೆ. ಕ್ಯಾಮೆರಾ ಮನೆಯಲ್ಲೇ ಇಟ್ಟು ಬರುತ್ತೇನೆ.

ಹನುಮಂತನಗರದ ಹುಡುಗಿ

ಗುರುವಾರ ಅಣ್ಣ, ಬೆಳಿಗ್ಗೆ ನಾಲ್ಕೂವರೆಗೆ. ಮೇಲ್ಸೇತುವೆ ಕೆಳಗೆ ಕಾಫಿ ಗಾಡಿ ಇದೆಯಲ್ಲ, ಅಲ್ಲಿ ನಿಂತಿರುತ್ತೇನೆ.